ಯಾವ ವೈರಸ್ಸು ಅಂತಲೂ ಹೇಳಿ

ವೈರಸ್ ತಡೆಯುವ ಟೊಮೆಟೊ ತಳಿ ಹಾಕಿದರೆ ಔಷಧಿ ಖರ್ಚೇ ಇಲ್ಲ ಅಂತ ನಿಮ್ಮ ಲೇಖನದಲ್ಲಿದೆ. ಅಷ್ಟು ಸುಲಭ ಅಲ್ಲ ಸಾರ್. ನಮ್ಮದು ಹೊಸೂರು ಹತ್ತಿರ, ಬಾಗಲೂರು ಕಡೆ. ಇಲ್ಲಿ ಟೊಮೆಟೊ ಬಿಟ್ಟು ಬೇರೆ ಮಾತು ಕಮ್ಮಿ.

ಬೀಜದ ಪ್ಯಾಕೆಟ್ ಮೇಲೆ ಹೇಳುವ ವೈರಸ್ ಹೆಚ್ಚಾಗಿ ಎಲೆ ಮುಟುರು, ಅಂದರೆ ಎಲೆ ಮುದುಡುವ ರೋಗದ್ದು. ಅದನ್ನು ಹರಡುವುದು ಬಿಳಿ ನೊಣ. ತಡೆಯುವ ಟಿವೈ-1, ಟಿವೈ-2, ಟಿವೈ-3 ಜೀನ್‌ಗಳು ಬಂದದ್ದು ದಕ್ಷಿಣ ಅಮೆರಿಕದ ಕಾಡು ಟೊಮೆಟೊಗಳಿಂದ. ಥ್ರಿಪ್ಸ್ ಅನ್ನೋ ಸಣ್ಣ ರಸ ಹೀರುವ ಹುಳ ತರುವ ವೈರಸ್ಸೇ ಬೇರೆ. ಚಿಗುರು ಕಂದಿ ಒಣಗುತ್ತದೆ, ಹಣ್ಣಿನ ಮೇಲೆ ಉಂಗುರ ಉಂಗುರವಾಗಿ ಹಳದಿ ಕಲೆ ಬೀಳುತ್ತದೆ. ಅಲ್ಲಿ ಟಿವೈ ಜೀನ್ ಏನೂ ಮಾಡುವುದಿಲ್ಲ. ಬೆಳೆ ಸೀದಾ ತಿಪ್ಪೆಗೆ.

ಕಾಡು ಗಿಡದಿಂದ ಒಳ್ಳೆ ಜೀನ್ ತಂದರೆ ಬೇಡದ ಗುಣವೂ ಅಂಟಿಕೊಂಡು ಬರುತ್ತದೆ. ಅದನ್ನು ಕಳೆಯಲು ಊರ ತಳಿ ಜೊತೆ ಮತ್ತೆ ಮತ್ತೆ ಕ್ರಾಸ್ ಮಾಡಬೇಕು, ವರ್ಷಗಟ್ಟಲೆ ಕೆಲಸ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ರಕ್ಷಕ್ ಟೊಮೆಟೊ ತಳಿ ಇದರಲ್ಲಿ ಗೆದ್ದಿದೆ ಅನ್ನಬಹುದು. ಎಲೆ ಮುಟುರು, ದುಂಡಾಣು ಸೊರಗು, ಆರಂಭಿಕ ಅಂಗಮಾರಿ ಮೂರೂ ರೋಗಗಳನ್ನು ತಾಳುತ್ತದೆ. ಹಣ್ಣು 90-100 ಗ್ರಾಂ, ಗಟ್ಟಿ. ಆದರೆ ಹೈಬ್ರಿಡ್ ಅಲ್ವಾ, ಬೀಜ ಎತ್ತಿಟ್ಟುಕೊಂಡರೆ ಮುಂದಿನ ಬೆಳೆ ಹಾಗೇ ಬರುವುದಿಲ್ಲ.

ರಾಯಕೋಟೆ ಮಂಡಿಯಲ್ಲಿ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ. ಗಟ್ಟಿ ಇದ್ದರೆ ರೇಟು. ರುಚಿ ಯಾರೂ ಕೇಳುವುದಿಲ್ಲ. ಮನೆ ಸಾರಿಗೆ ಮಾತ್ರ ನಾವು ಹುಳಿ ನಾಟಿ ಟೊಮೆಟೊನೇ ಹಾಕಿಕೊಂಡಿದ್ದೇವೆ!

ತಳಿ ಯಾವುದೇ ಇರಲಿ, ಬಿಳಿ ನೊಣ ಒಳಗೆ ಬಾರದಂತೆ ಸಸಿ ಮಡಿಗೆ ನೈಲಾನ್ ಪರದೆ ಕಟ್ಟಿ ಅಂತ ಲೇಖನಕ್ಕೆ ಒಂದು ಸಾಲು ಸೇರಿಸಿ.