ಬರ್ಗರ್‌ಗೂ ಬ್ರೆಜಿಲ್‌ನ ಕೋರ್ಟ್ ಕೇಸಿಗೂ ಏನು ಸಂಬಂಧ?

ಬೀಫ್ ಬೆಲೆ ಇಳಿಸುವುದು ಹೇಗೆ ಅಂತ ಅಮೆರಿಕ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಮೊದಲು ಏರಿಸಬೇಕು. ಜನ ಬಾಯಿ ಬಡಿದುಕೊಳ್ಳುವ ತನಕ ಸುಮ್ನೆ ಇರಬೇಕು. ಆಮೇಲೆ ತಾನು ಹಾಕಿದ ಸುಂಕವನ್ನು ತಾನೇ ತೆಗೆದು, ನೋಡಿ ಇಳಿಸಿದೆ ಅನ್ನಬೇಕು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಅಂತೀವಲ್ಲ, ಅದನ್ನೇ ಇವರು ಕ್ಯಾಮೆರಾ ಮುಂದೆ ಕೂತು, ದಪ್ಪ ಪೆನ್ನಿನಲ್ಲಿ ಸಹಿ ಹಾಕಿ ಮಾಡುತ್ತಾರೆ.

ನಾನಿರುವುದು ಟೆಕ್ಸಸ್‌ನಲ್ಲಿ. ಇಲ್ಲಿ ಹಿತ್ತಲಲ್ಲಿ ಮಾಂಸ ಸುಡುವ ಗ್ರಿಲ್ ಇಲ್ಲದ ಮನೆಯನ್ನು ಅಕ್ಕಪಕ್ಕದವರು ಅನುಮಾನದಿಂದ ನೋಡುತ್ತಾರೆ. ನಮ್ಮ ಊರ ಕಡೆ ಬೀಫ್ ಅನ್ನುವ ಮಾತು ಬಂದರೆ ಜನ ಸುತ್ತಮುತ್ತ ನೋಡಿ ದನಿ ತಗ್ಗಿಸುತ್ತಾರೆ. ಇಲ್ಲಿ ಬೆಲೆ ಹೇಳುವಾಗ ತಗ್ಗಿಸುತ್ತಾರೆ. 2025ರ ಜನವರಿಯಲ್ಲಿ ಒಂದು ಪೌಂಡ್ ಬೀಫ್ ಖೀಮಾಕ್ಕೆ ದೇಶದ ಸರಾಸರಿ ಬೆಲೆ ಐದೂವರೆ ಡಾಲರ್ ಆಸುಪಾಸಿನಲ್ಲಿತ್ತು. ಆಗಸ್ಟ್ ಹೊತ್ತಿಗೆ 6.30 ದಾಟಿತು. ಇದು ಬರ್ಗರ್‌ಗೆ ಹಾಕುವ ಸಾದಾ ಮಾಂಸದ ಕಥೆ. ಸ್ಟೇಕ್ ಅನ್ನುವ ದುಬಾರಿ ದಪ್ಪ ತುಂಡುಗಳಿರುವ ಕಡೆ ನಾವು ಅಂಗಡಿಯ ಗಾಡಿ ತಿರುಗಿಸುವುದೇ ಬಿಟ್ಟಿದ್ದೇವೆ.

ಈಗ ಬ್ರೆಜಿಲ್ ವಿಷಯಕ್ಕೆ ಬರೋಣ. ಅಲ್ಲಿನ ಮಾಜಿ ಅಧ್ಯಕ್ಷ ಬೊಲ್ಸೊನಾರೊ ಮೇಲೆ ಕೇಸು ನಡೆಯುತ್ತಿತ್ತು. ಚುನಾವಣೆಯಲ್ಲಿ ಸೋತ ಮೇಲೆ ಕುರ್ಚಿ ಬಿಡದೆ ಉಳಿಯಲು ಸಂಚು ಮಾಡಿದರು ಅನ್ನುವ ಕೇಸು. ಟ್ರಂಪ್ ಅವರಿಗೆ ಅದು ಸರಿ ಬರಲಿಲ್ಲ. ಸಿಟ್ಟು ಬಂದಿದ್ದು ಬ್ರೆಜಿಲ್‌ನ ಜಡ್ಜುಗಳ ಮೇಲೆ, ಬರೆ ಬಿದ್ದಿದ್ದು ಅಮೆರಿಕದ ಬರ್ಗರ್ ಮೇಲೆ. 2025ರ ಆಗಸ್ಟ್‌ನಲ್ಲಿ ಬ್ರೆಜಿಲ್‌ನ ಸರಕಿಗೆ ಇನ್ನೂ 40 ಪರ್ಸೆಂಟ್ ಸುಂಕ ಸೇರಿಸಿದರು. ಮೊದಲಿಂದ ಇದ್ದದ್ದು, ಏಪ್ರಿಲ್‌ನಲ್ಲಿ ಹಾಕಿದ್ದು ಎಲ್ಲ ಕೂಡಿಸಿದರೆ ಕಡಿಮೆ ಸುಂಕದ ಕೋಟಾ ಮೀರಿ ಬರುವ ಬ್ರೆಜಿಲ್ ಬೀಫ್ ಮೇಲೆ 76 ಪರ್ಸೆಂಟ್ ದಾಟಿತು. ಅಂದರೆ ಭಾನುವಾರ ಹಿತ್ತಲಲ್ಲಿ ಇದ್ದಿಲು ಹೊತ್ತಿಸುವ ನಾನು, ಗೊತ್ತೋ ಗೊತ್ತಿಲ್ಲದೆಯೋ, ಬ್ರೆಜಿಲ್‌ನ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಒಬ್ಬ ಕಕ್ಷಿದಾರ.

ಆ ಕೋರ್ಟು ಅಮೆರಿಕದ ಬರ್ಗರ್ ಬೆಲೆ ನೋಡಿ ನಡುಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಬೊಲ್ಸೊನಾರೊಗೆ 27 ವರ್ಷಕ್ಕೂ ಮೇಲ್ಪಟ್ಟ ಶಿಕ್ಷೆ ಕೊಟ್ಟಿತು. ಇತ್ತ ನವೆಂಬರ್ 20ರಂದು, ಬೆಲೆಯ ಗಲಾಟೆ ತಡೆಯಲಾರದೆ, ಬ್ರೆಜಿಲ್ ಬೀಫ್ ಮೇಲಿನ ಆ 40 ಪರ್ಸೆಂಟ್ ತೆಗೆದರು. ಎರಡು ದಿನ ಬಿಟ್ಟು ಅತ್ತ ಪೊಲೀಸರು ಬೊಲ್ಸೊನಾರೊ ಅವರನ್ನು ಒಳಗೆ ಹಾಕಿದರು. ಮೂರೂವರೆ ತಿಂಗಳು ನಾವು ಖೀಮಾದ ಮೂಲಕ ಕಟ್ಟಿದ ಲಾಯರ್ ಫೀಸು ಪೂರ್ತಿ ದಂಡ.

ಅಮೆರಿಕದ ಬರ್ಗರ್‌ಗೆ ಬ್ರೆಜಿಲ್ ಮಾಂಸ ಯಾಕೆ ಬೇಕು ಅಂತ ಕೇಳಬಹುದು. ಇಲ್ಲಿನ ದನ ಫೀಡ್‌ಲಾಟ್‌ನಲ್ಲಿ, ಅಂದರೆ ದನ ಕೊಬ್ಬಿಸುವ ದೊಡ್ಡಿಯಲ್ಲಿ, ಮೆಕ್ಕೆಜೋಳ ತಿಂದು ಕೊಬ್ಬಿರುತ್ತದೆ. ಅದರ ಚೂರುಪಾರಿನಲ್ಲಿ ಅರ್ಧಕ್ಕರ್ಧ ಕೊಬ್ಬು. ಅದನ್ನು ಹಾಗೇ ಕಾವಲಿ ಮೇಲೆ ಹಾಕಿದರೆ ಬರ್ಗರ್ ಈಜಾಡುತ್ತದೆ. ಆದ್ದರಿಂದ ಹುಲ್ಲು ಮೇಯ್ದು ಬೆಳೆದ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್ ದನದ ಕೊಬ್ಬಿಲ್ಲದ ಮಾಂಸ ತರಿಸಿ ಬೆರೆಸುತ್ತಾರೆ. ಸ್ವಾತಂತ್ರ್ಯ ದಿನ ಜುಲೈ ನಾಲ್ಕರಂದು ಬಾವುಟ ಹಾರಿಸಿ, ಎದೆ ಮುಟ್ಟಿಕೊಂಡು ತಿನ್ನುವ ಆ ಅಪ್ಪಟ ಅಮೆರಿಕನ್ ಬರ್ಗರ್ ಹೀಗೆ ಮೂರು ಖಂಡದ ಸಂಬಂಧಿ. ಬೀಫ್ ಪ್ಯಾಕೆಟ್ ಮೇಲೆ ಮೂಲ ದೇಶದ ಹೆಸರು ಹಾಕಲೇಬೇಕು ಅನ್ನುವ ನಿಯಮವನ್ನು 2015ರ ಡಿಸೆಂಬರ್‌ನಲ್ಲೇ ಕಿತ್ತುಹಾಕಿದರು. ಆಮೇಲೆ ಹತ್ತು ವರ್ಷ, ಹೊರಗಿಂದ ಬಂದ ಮಾಂಸವನ್ನು ಇಲ್ಲಿ ಕತ್ತರಿಸಿ ಪ್ಯಾಕ್ ಮಾಡಿದರೂ ಅಮೆರಿಕದ್ದು ಅಂತ ಚೀಟಿ ಅಂಟಿಸಬಹುದಿತ್ತು. ಇಲ್ಲಿ ಹುಟ್ಟಿದ ದನಕ್ಕೆ ಮಾತ್ರ ಆ ಚೀಟಿ ಅನ್ನುವ ನಿಯಮ ಬಂದಿದ್ದು 2026ರ ಜನವರಿಯಲ್ಲಿ. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತ ನಮ್ಮವರು ಇದನ್ನು ಓದಿ ಬಿಸಿಯುಸಿರು ಬಿಟ್ಟಿದ್ದಾರೆ. ಪ್ಲಾಸ್ಟಿಕ್ ಸುತ್ತಿಸಿಕೊಂಡಿದ್ದರೆ ನಮ್ಮ ಕೆಲಸವೂ ಆಗುತ್ತಿತ್ತೇನೋ.

ದೇಶದ ಫೀಡ್‌ಲಾಟ್ ದನಗಳಲ್ಲಿ ಸುಮಾರು 85 ಪರ್ಸೆಂಟ್ ಕಡಿಯುವುದು ನಾಲ್ಕೇ ಕಂಪನಿ: ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್. ಇದರಲ್ಲಿ ಜೆಬಿಎಸ್ ಬ್ರೆಜಿಲ್‌ನವರದು. ನ್ಯಾಷನಲ್ ಬೀಫ್‌ನಲ್ಲಿ ದೊಡ್ಡ ಪಾಲು ಇರುವುದೂ ಬ್ರೆಜಿಲ್ ಕಂಪನಿಯದೇ. ಬ್ರೆಜಿಲ್ ಮಾಂಸ ಬಾಗಿಲಲ್ಲಿ ನಿಂತು ಸುಂಕ ಕಟ್ಟುತ್ತಿದ್ದಾಗ, ಬ್ರೆಜಿಲ್ ಮಾಲೀಕರು ಒಳಗೆ ಗಲ್ಲಾಪೆಟ್ಟಿಗೆ ಹತ್ತಿರ ಕೂತಿದ್ದರು.

ಅಕ್ಟೋಬರ್‌ನಲ್ಲಿ ಇನ್ನೊಂದು ಐಡಿಯಾ ಬಂತು. ಅರ್ಜೆಂಟೀನಾದಿಂದ ಬೀಫ್ ತರಿಸುವುದು. ಕಡಿಮೆ ಸುಂಕದಲ್ಲಿ ಬರುತ್ತಿದ್ದ 20 ಸಾವಿರ ಟನ್ ಕೋಟಾವನ್ನು 80 ಸಾವಿರಕ್ಕೆ ಏರಿಸುತ್ತೇವೆ ಅಂದರು. ಕೇಳಲು ದೊಡ್ಡ ಸಂಖ್ಯೆ. ಅಮೆರಿಕ ವರ್ಷಕ್ಕೆ ತಿನ್ನುವ ಬೀಫ್‌ನಲ್ಲಿ ಇದು ಒಂದು ಪರ್ಸೆಂಟ್ ಕೂಡ ಅಲ್ಲ. ಮೂಗಿಗೆ ತುಪ್ಪ ಸವರುವುದು ಅಂತಾರೆ, ಇದು ಒಂದೇ ಹೊಳ್ಳೆಗೆ. ಬೆಲೆ ಇಳಿಯಲಿಲ್ಲ, ದನ ಸಾಕುವವರು ಮಾತ್ರ ರೇಗಿಬಿದ್ದರು. ಅವರಲ್ಲಿ ಹೆಚ್ಚಿನವರು ಇದೇ ಅಧ್ಯಕ್ಷರಿಗೆ ಓಟು ಒತ್ತಿದವರು. ಅದಕ್ಕೆ ಅಧ್ಯಕ್ಷರ ಉತ್ತರ ಬಂತು. ನನಗೆ ನಿಮ್ಮ ಮೇಲೆ ಪ್ರೀತಿ ಇದೆ, ನೀವು ಇಷ್ಟು ಚೆನ್ನಾಗಿರುವುದೇ ನನ್ನ ಸುಂಕದಿಂದ, ಈಗ ಬೆಲೆ ಇಳಿಸಿ ಅನ್ನುವ ಅರ್ಥದಲ್ಲಿ. ಒಂದೇ ಉಸಿರಿನಲ್ಲಿ ಬೆಲೆ ಏರಿದ್ದಕ್ಕೆ ಅಭಿನಂದನೆ, ಇಳಿಸದಿದ್ದಕ್ಕೆ ಗದರಿಕೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಗಾದೆಯಲ್ಲಿ ಎರಡು ಪ್ರಾಣಿಯಾದರೂ ಇದ್ದವು.

ಈ ಎಲ್ಲ ಆದೇಶಗಳಲ್ಲಿ ಯಾರೂ ಮಾತಾಡಿಸದೆ ಬಿಟ್ಟಿದ್ದು ಹಸುವನ್ನು. ವರ್ಷಗಟ್ಟಲೆ ಬರ ಬಿದ್ದು, ಹುಲ್ಲು ಒಣಗಿ, ಮೇವು ದುಬಾರಿಯಾಗಿ, ಸಾಕುವವರು ಹಸು ಕಡಸು ಎಲ್ಲ ಮಾರಿಕೊಂಡರು. 2025ರ ಜನವರಿ ಲೆಕ್ಕದಲ್ಲಿ ದೇಶದಲ್ಲಿದ್ದ ದನ 8 ಕೋಟಿ 67 ಲಕ್ಷ. 1951ರಿಂದ ಅಲ್ಲಿಯವರೆಗೆ ಇಷ್ಟು ಕಮ್ಮಿ ಆಗಿದ್ದೇ ಇರಲಿಲ್ಲ. ಮತ್ತೆ ಹೆಚ್ಚಬೇಕು ಅಂದರೆ ಕಡಸನ್ನು ಮಾರದೆ ಉಳಿಸಿಕೊಳ್ಳಬೇಕು. ಅದು ಗಬ್ಬ ಕಟ್ಟಬೇಕು. ಒಂಬತ್ತು ತಿಂಗಳು ಹೊರಬೇಕು. ಆ ಕರು ಒಂದೂವರೆ ವರ್ಷ ಬೆಳೆಯಬೇಕು. ಅಷ್ಟಾದ ಮೇಲೆ ಬರ್ಗರ್. ಕಡಸು ಉಳಿಸಿಕೊಂಡಷ್ಟು ದಿನ ಮಾರ್ಕೆಟ್‌ಗೆ ಬರುವ ಮಾಂಸ ಇನ್ನೂ ಕಡಿಮೆ. ಇಳಿಯುವ ಮೊದಲು ಬೆಲೆ ನಿಜವಾಗಿಯೂ ಏರಲೇಬೇಕು. ಸರ್ಕಾರದ ನೀತಿಯೂ ಹಸುವಿನ ಹೊಟ್ಟೆಯೂ ಒಪ್ಪುವ ಮಾತು ಇದೊಂದೇ.

ಈಗ ರೈತನ ಜಾಗದಲ್ಲಿ ನಿಂತು ನೋಡಿ. ಕಡಸಿಗೆ ಇವತ್ತು ಒಳ್ಳೆ ರೇಟಿದೆ. ಮಾರಿದರೆ ಇವತ್ತೇ ಕೈಗೆ ದುಡ್ಡು. ಉಳಿಸಿಕೊಂಡರೆ ಮೂರು ವರ್ಷಕ್ಕೆ. ಆಗಸ್ಟ್‌ನಲ್ಲಿ ಹಾಕಿದ ಸುಂಕ ನವೆಂಬರ್‌ನಲ್ಲಿ ಇಲ್ಲ. ನಾಲ್ಕು ತಿಂಗಳು ನಿಲ್ಲದ ನೀತಿ ನಂಬಿ ಮೂರು ವರ್ಷದ ಕರು ಯಾರು ಕಟ್ಟುತ್ತಾರೆ? ಅರವತ್ತು ದಾಟಿದ, ಮಂಡಿ ನೋವಿರುವ, ಮಕ್ಕಳು ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ರೈತ ಏನು ಮಾಡುತ್ತಾನೆ ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟರಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿರುವುದು ನೊಣಗಳು. ತಮಾಷೆ ಅಲ್ಲ. ಮೆಕ್ಸಿಕೊದಿಂದ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಎಳೆ ದನ ಬರುತ್ತಿದ್ದವು. ಅಲ್ಲಿ ಸ್ಕ್ರೂವರ್ಮ್ ಅನ್ನುವ ಹುಳ ಕಾಣಿಸಿಕೊಂಡಿತು. ನೊಣ ಗಾಯದ ಮೇಲೆ ಮೊಟ್ಟೆ ಇಡುತ್ತದೆ, ಮರಿಹುಳ ಜೀವಂತ ಮಾಂಸ ತಿನ್ನುತ್ತಾ ಒಳಗೆ ಹೋಗುತ್ತದೆ. 2024ರ ನವೆಂಬರ್‌ನಲ್ಲಿ ಗಡಿ ಮುಚ್ಚಿದರು, ತೆರೆದರು, 2025ರ ಮೇನಲ್ಲಿ ಮತ್ತೆ ಮುಚ್ಚಿದರು. ಜುಲೈನಲ್ಲಿ ಒಂದು ಗೇಟು ತೆರೆದು, ಎರಡೇ ದಿನಕ್ಕೆ ಅದನ್ನೂ ಮುಚ್ಚಿದರು. ಮದ್ದು ಏನು ಗೊತ್ತೇ? ಪನಾಮದ ಫ್ಯಾಕ್ಟರಿಯಲ್ಲಿ ವಾರಕ್ಕೆ ಸುಮಾರು 10 ಕೋಟಿ ನೊಣ ಸಾಕಿ, ವಿಕಿರಣ ಹಾಯಿಸಿ ಸಂತಾನಶಕ್ತಿ ತೆಗೆದು, ವಿಮಾನದಿಂದ ಉದುರಿಸುವುದು. ಹೆಣ್ಣು ನೊಣ ಜೀವಮಾನದಲ್ಲಿ ಒಂದೇ ಸಲ ಕೂಡುತ್ತದೆ. ಸಿಕ್ಕಿದ್ದು ಇಂಥ ಗಂಡಾದರೆ ವಂಶ ಅಲ್ಲಿಗೆ ಮುಗಿಯಿತು. ಹುಚ್ಚು ಹಿಡಿದವರ ಪ್ಲಾನ್ ಇದ್ದಂತಿದೆ, ಅಲ್ವಾ? ಆದರೆ 1966ರಲ್ಲಿ ಅಮೆರಿಕ ಈ ಹುಳವನ್ನು ಓಡಿಸಿದ್ದೇ ಹೀಗೆ. ಈಗ ಟೆಕ್ಸಸ್‌ನಲ್ಲೇ 75 ಕೋಟಿ ಡಾಲರ್ ಸುರಿದು ವಾರಕ್ಕೆ 30 ಕೋಟಿ ನೊಣದ ಫ್ಯಾಕ್ಟರಿ ಕಟ್ಟುತ್ತೇವೆ ಅಂದಿದ್ದಾರೆ. ಬೀಫ್ ಬೆಲೆಯ ಬಗ್ಗೆ ವಾಷಿಂಗ್ಟನ್‌ನಿಂದ ಬಂದ ಯೋಜನೆಗಳಲ್ಲಿ ಕೇಳಲು ಅತಿ ಹಾಸ್ಯಾಸ್ಪದವಾದದ್ದು ಇದು. ಕೆಲಸ ಮಾಡುತ್ತದೆ ಅಂತ ಸಾಬೀತಾದದ್ದೂ ಇದೊಂದೇ. ಮುಂದಿನ ಸಂಪುಟದಲ್ಲಿ ಒಂದು ಖಾತೆ ನೊಣಕ್ಕೂ ಕೊಡಲಿ.

ಹಾಗಂತ ಇದು ಒಂದೇ ಪಕ್ಷದ ರೋಗ ಅಲ್ಲ. 2021ರಲ್ಲಿ ಬೈಡನ್ ಕಾಲದ ಶ್ವೇತಭವನ, ಜುಲೈ ನಾಲ್ಕರ ಹಿತ್ತಲೂಟದ ಖರ್ಚು ಹಿಂದಿನ ವರ್ಷಕ್ಕಿಂತ 16 ಸೆಂಟ್ ಇಳಿದಿದೆ ಅಂತ ಸಂಭ್ರಮ ಪಟ್ಟಿತ್ತು. ಜನ ಆ 16 ಸೆಂಟನ್ನು ಏನು ಮಾಡೋಣ ಅಂತ ವಾರಗಟ್ಟಲೆ ನಕ್ಕರು. 2025ರಲ್ಲಿ ಅಮೆರಿಕನ್ ಫಾರ್ಮ್ ಬ್ಯೂರೋ ಅನ್ನುವ ರೈತ ಸಂಘದ ಲೆಕ್ಕದ ಪ್ರಕಾರ ಹತ್ತು ಜನರ ಅದೇ ಊಟ 70.92 ಡಾಲರ್, ಹಿಂದಿನ ವರ್ಷಕ್ಕಿಂತ 30 ಸೆಂಟ್ ಕಮ್ಮಿ. ಆದರೆ ಅದೇ ಪಟ್ಟಿಯಲ್ಲಿ ಬೀಫ್ ಖೀಮಾ ಏರಿತ್ತು. ಮಾಂಸ ಬಿಟ್ಟು ಉಳಿದದ್ದರಲ್ಲಿ ಬಾರ್ಬೆಕ್ಯೂ ಮಾಡಿಕೊಂಡರೆ ಲಾಭ ಇದೆ ಅಂತ ತಿಳಿಯಬೇಕು.

2026ರ ಜನವರಿಯಲ್ಲಿ ಸರ್ಕಾರದ ಹೊಸ ಆಹಾರ ಸಲಹೆ ಬಂತು. ಹಳೇ ಪಿರಮಿಡ್ಡನ್ನು ತಲೆಕೆಳಗು ಮಾಡಿ, ತುದಿಯ ಹತ್ತಿರವಿದ್ದ ಮಾಂಸವನ್ನು ಅಗಲದ ಕಡೆಗೆ ತಂದು, ಕೆಂಪಗೆ ಹೊಳೆಯುವ ಸ್ಟೇಕ್ ಚಿತ್ರ ಬರೆದರು. ಪ್ರೋಟೀನ್ ಜಾಸ್ತಿ ತಿನ್ನಿ ಅಂದರು. ಅದೇ ತಿಂಗಳು ಕೃಷಿ ಮಂತ್ರಿಗಳು ಮೂರು ಡಾಲರ್‌ನಲ್ಲಿ ಹೊಟ್ಟೆ ತುಂಬಿಸುವ ದಾರಿ ಹೇಳಿಕೊಟ್ಟರು: ಒಂದು ತುಂಡು ಚಿಕನ್, ಒಂದು ತುಂಡು ಬ್ರೊಕೋಲಿ, ಒಂದು ಜೋಳದ ಟೋರ್ಟಿಯಾ, ಮತ್ತೆ ಇನ್ನೊಂದೇನೋ. ಆ ‘ಇನ್ನೊಂದೇನೋ’ ಏನು ಅಂತ ದೇಶ ತಲೆ ಕೆಡಿಸಿಕೊಂಡಿತು. ಸ್ಟೇಕ್ ಅಂತೂ ಅಲ್ಲ. ಅದನ್ನು ಚಿತ್ರದಲ್ಲಿ ನೋಡಿಕೊಳ್ಳಬಹುದು.

ಮನೆಯ ಮಟ್ಟದಲ್ಲಿ ನಾವು ಹುಡುಕಿಕೊಂಡ ಉಪಾಯಗಳೂ ಕಮ್ಮಿ ಇಲ್ಲ. ಟೆಕ್ಸಸ್‌ನಲ್ಲಿ ಬಾರ್ಬೆಕ್ಯೂ ಅಂದರೆ ಬ್ರಿಸ್ಕೆಟ್, ದನದ ಎದೆಯ ಭಾಗ. ಒಂದು ಕಾಲಕ್ಕೆ ಯಾರೂ ಮುಟ್ಟದ ಗಟ್ಟಿ ಮಾಂಸ ಅದು. ಹದಿನಾಲ್ಕು ಪೌಂಡಿನ ತುಂಡು ತಂದು, ಹೊದ್ದುಕೊಂಡ ಕೊಬ್ಬನ್ನು ಹೆರೆದರೆ ಎರಡು ಮೂರು ಪೌಂಡ್ ಕಸದ ಬುಟ್ಟಿಗೆ. ಉಪ್ಪು, ಮೆಣಸು ಸವರಿ, ಓಕ್ ಸೌದೆಯ ಹೊಗೆಯಲ್ಲಿ ಹನ್ನೆರಡು ಗಂಟೆ ಬೇಯಿಸಬೇಕು. ನೀರು, ಕೊಬ್ಬು ಇಳಿದು ಕೊನೆಗೆ ಮೇಜಿಗೆ ಬರುವುದು ಏಳೋ ಎಂಟೋ ಪೌಂಡ್. ನಡುವೆ 160 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಗಂಟೆಗಟ್ಟಲೆ ಥರ್ಮಾಮೀಟರ್ ಅಲ್ಲಾಡುವುದಿಲ್ಲ. ಬೀಫ್‌ಗೆ ಸಂಬಂಧಪಟ್ಟದ್ದರಲ್ಲಿ ಏರದೆ ನಿಲ್ಲುವುದು ಇದೊಂದೇ. ಆ ಹೊತ್ತಿನಲ್ಲಿ ನಾನು ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಾ ಕೂರುತ್ತೇನೆ. ಮನಸ್ಸಿಗೆ ಹಿತ.

ಬ್ರಿಸ್ಕೆಟ್ ದುಬಾರಿಯಾದಾಗ ಭುಜದ ಭಾಗದ ಚಕ್ ರೋಸ್ಟ್ ತನ್ನಿ, ಅದು ಬಡವರ ಬ್ರಿಸ್ಕೆಟ್ ಅಂದರು. ಎಲ್ಲರೂ ಅದಕ್ಕೇ ಬಿದ್ದರು. ಈಗ ಬಡವರ ಬ್ರಿಸ್ಕೆಟ್ ಕೊಳ್ಳಲು ಬಡವರ ಕೈಲಿ ಆಗುವುದಿಲ್ಲ. ಫಹೀಟಾ ಅನ್ನುವ ಮೆಕ್ಸಿಕನ್ ಶೈಲಿಯ ಅಡುಗೆಗೆ ಹಾಕುವ ಮಾಂಸದ ಕಥೆಯೂ ಇದೇ. ದಕ್ಷಿಣ ಟೆಕ್ಸಸ್‌ನ ದನ ಕಾಯುವವರಿಗೆ ಕೂಲಿ ಜೊತೆ ಸುಮ್ನೆ ಕೊಡುತ್ತಿದ್ದ ತುಂಡು ಅದು. ಈಗ ಕೂಲಿ ಕೊಟ್ಟೇ ತರಬೇಕು.

ಕೊನೆಗೆ ಮನೆಯವಳು ಒಂದು ಉಪಾಯ ಹೇಳಿದಳು. ಬಾರ್ಬೆಕ್ಯೂಗೆ ಸಸ್ಯಾಹಾರಿಗಳನ್ನೇ ಜಾಸ್ತಿ ಕರೆಯೋಣ ಅಂತ. ಕನ್ನಡ ಕೂಟದಲ್ಲಿ ಅವರಿಗೇನು ಬರವಿಲ್ಲ. ಮೂರ್ತಿ ಸಾರ್ ಸಂಸಾರ ಸಮೇತ ಬಂದರು, ಭಟ್ಟರು ಅತ್ತೆ ಮಾವನನ್ನೂ ಕರೆತಂದರು. ಮಾಂಸ ತಿನ್ನುವವರು ನಾಲ್ಕೇ ಜನ. ಒಂದೇ ಬ್ರಿಸ್ಕೆಟ್, ಒಂದು ರಾಶಿ ಪನೀರ್. ಲೆಕ್ಕ ಪಕ್ಕಾ ಇತ್ತು. ಆದರೆ ಆ ನಾಲ್ವರಿಗೂ ಅಂಗಡಿಯ ಬೆಲೆ ಬಾಯಿಪಾಠ. ಬ್ರಿಸ್ಕೆಟ್ ಮುಂದೆ ಬಂದಾಗ ಪ್ರತಿಯೊಬ್ಬರೂ “ಅಯ್ಯೋ ನನಗೆ ಸಾಕು, ನೀವು ತಗೊಳ್ಳಿ” ಅಂದರು. ಸಂಕೋಚಕ್ಕೆ ಎಲ್ಲರೂ ಪನೀರ್‌ಗೆ ಕೈ ಹಾಕಿದರು. ಹತ್ತೇ ನಿಮಿಷಕ್ಕೆ ಪನೀರ್ ಖಾಲಿ. ಭಟ್ಟರ ಮಾವ ಸುಟ್ಟ ಜೋಳದ ತೆನೆ ಹಿಡಿದು, “ಬೇರೆ ಏನಾದ್ರೂ ಬರುತ್ತಾ?” ಅಂತ ಅಳಿಯನನ್ನು ಮೆಲ್ಲಗೆ ಕೇಳುವುದು ನನಗೂ ಕೇಳಿಸಿತು.

ಚೀಸ್ ಪಿಜ್ಜಾ ಆರ್ಡರ್ ಮಾಡಿದೆವು. ತಂದುಕೊಟ್ಟ ಹುಡುಗ ಒಳಗಿನ ಹೊಗೆ ವಾಸನೆಗೆ ಮೂಗು ಅರಳಿಸಿ ನಿಂತಿದ್ದ. ಒಂದು ಕೈಯಲ್ಲಿ ಟಿಪ್ಸ್, ಇನ್ನೊಂದು ಕೈಯಲ್ಲಿ ಫಾಯಿಲ್‌ನಲ್ಲಿ ಸುತ್ತಿದ ನಾಲ್ಕು ತುಂಡು ಬ್ರಿಸ್ಕೆಟ್ ಚಾಚಿದೆ. ಅವನು ಫಾಯಿಲ್ ತೆಗೆದುಕೊಂಡು ಕಾರಿನ ಕಡೆ ಓಡಿದ. ಟಿಪ್ಸ್ ನನ್ನ ಕೈಯಲ್ಲೇ ಉಳಿಯಿತು.