ಸ್ಟೆಂಟ್ ಹಾಕಿದ್ರು ಅಂದ್ರೆ ಕಲ್ಲು ತೆಗೆದ್ರು ಅಂತಲ್ಲ

ಸಕಲೇಶಪುರ, ಮೂಡಿಗೆರೆ, ಆಲೂರು ಕಡೆಯಿಂದ ಪಿತ್ತನಾಳದ ಕಲ್ಲಿಗೆ ಅಂತ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಬಂದವರನ್ನು ಕೇಳಿ ನೋಡಿ. "ಸ್ಟೆಂಟ್ ಹಾಕವ್ರೆ, ಈಗೇನ್ ತೊಂದ್ರೆ ಇಲ್ಲ" ಅಂತಾರೆ. ಕಾಮಾಲೆ ಇಳಿದಿರುತ್ತೆ, ಊಟ ಸೇರ್ತಿರುತ್ತೆ, ಅಷ್ಟೊತ್ತಿಗೆ ಕಾಫಿ ಕೊಯ್ಲು ಬಂದಿರುತ್ತೆ. ಮತ್ತೆ ಘಾಟಿ ಇಳಿಯೋದು ಮುಂದಕ್ಕೆ ಹೋಗ್ತಾನೇ ಇರುತ್ತೆ.

ದಯವಿಟ್ಟು ಹಾಗೆ ಮಾಡಬೇಡಿ. ಪ್ಲಾಸ್ಟಿಕ್ ಸ್ಟೆಂಟು ಅಂದರೆ ಒಂದು ಸಣ್ಣ ಕೊಳವೆ, ಕಲ್ಲಿನ ಪಕ್ಕದಲ್ಲಿ ಪಿತ್ತರಸ ಹರಿಯಲು ಬಿಟ್ಟ ದಾರಿ ಅಷ್ಟೆ. ಕಲ್ಲು ಅಲ್ಲೇ ಇದೆ. ಸುಮಾರು 3 ತಿಂಗಳಾಗುತ್ತಿದ್ದಂತೆ ಕೊಳವೆಯೊಳಗೆ ಬ್ಯಾಕ್ಟೀರಿಯಾದ ಲೋಳೆ, ಪಿತ್ತದ ಗಸಿ ಕಟ್ಟಿ ಮುಚ್ಚಿಕೊಳ್ಳತೊಡಗುತ್ತದೆ. ಆಮೇಲೆ ಚಳಿಜ್ವರ, ಬಲಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿ. ಈ ಮೂರೂ ಒಟ್ಟಿಗೆ ಬಂದರೆ ಅದು ಪಿತ್ತನಾಳದ ಸೋಂಕು, ಅದೇ ದಿನ ಆಸ್ಪತ್ರೆ ಸೇರಬೇಕು. ಬಿಪಿ ಬಿದ್ದು, ಮಂಪರು ಬಂದ ಮೇಲೆ ಹೊರಟರೆ ಜೀವಕ್ಕೇ ಅಪಾಯ. ಡಿಸ್ಚಾರ್ಜ್ ಆಗುವಾಗಲೇ ಸ್ಟೆಂಟ್ ತೆಗೆಯುವ ತಾರೀಖನ್ನು ಬರೆಸಿಕೊಳ್ಳಿ.

ಮೊದಲ ಇಆರ್‌ಸಿಪಿಯಲ್ಲೇ (ಗಂಟಲಿನ ಮೂಲಕ ಸ್ಕೋಪ್, ಅಂದರೆ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಕರುಳಿನ ಕಡೆಯಿಂದ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಕಲ್ಲು ಯಾಕೆ ತೆಗೆಯಲಿಲ್ಲ ಅಂತ ಡಾಕ್ಟರ ಮೇಲೆ ಸಿಟ್ಟಾಗುವವರಿದ್ದಾರೆ. ಸಣ್ಣ ಕಲ್ಲಾದರೆ ನಾಳದ ಬಾಯಿ ಕೊಯ್ದು ಬಲೂನಿನಿಂದಲೋ ಬ್ಯಾಸ್ಕೆಟ್ಟಿನಿಂದಲೋ (ತಂತಿಯ ಪುಟ್ಟ ಬುಟ್ಟಿ) ಎಳೆದುಬಿಡುತ್ತಾರೆ. 15 ಮಿ.ಮೀ. ದಾಟಿದ್ದು, ನಾಳಕ್ಕೆ ಕಚ್ಚಿ ಕೂತದ್ದು, ಕೆಳಗೆ ನಾಳ ಕಿರಿದಾಗಿರುವುದು, ಈ ಮೂರು ಬಗೆ ಅಷ್ಟು ಸುಲಭಕ್ಕೆ ಬರೋದಿಲ್ಲ. ಆಗ 12ರಿಂದ 20 ಮಿ.ಮೀ. ಬಲೂನಿನಿಂದ ಬಾಯಿ ಹಿಗ್ಗಿಸುತ್ತಾರೆ. ಬಲೂನಿನ ಅಳತೆ ನಾಳದ ಕೆಳಭಾಗದ ಅಗಲವನ್ನು ಮೀರಿದರೆ ನಾಳವೇ ಹರಿಯಬಹುದು. ಅದೂ ಸಾಲದಿದ್ದರೆ ಕಲ್ಲನ್ನು ಬ್ಯಾಸ್ಕೆಟ್ಟಿನಲ್ಲಿ ಹಿಡಿದು, ಲೋಹದ ಕವಚದ ಬಾಯಿಗೆ ಬಿಗಿದು ಪುಡಿ ಮಾಡುವುದು. ಇಲ್ಲೇ ಎಲ್ಲರೂ ಹೆದರುವ ಸಂಗತಿ ಇರೋದು: ಕಲ್ಲು ಒಡೆಯೋದೂ ಇಲ್ಲ, ಬ್ಯಾಸ್ಕೆಟ್ ಬಿಡಿಸಿಕೊಳ್ಳೋದೂ ಇಲ್ಲ. ಹಿಡಿ ಕತ್ತರಿಸಿ, ಸ್ಕೋಪ್ ಹೊರಗೆಳೆದು, ಉಳಿದ ತಂತಿಯ ಮೇಲೆ ತುರ್ತು ಕವಚ ತೂರಿಸಿ ಒಡೆಯಬೇಕಾಗುತ್ತೆ. ಆ ಸಾಮಾನು ಕೈಗೆ ಸಿಗುವಲ್ಲಿ ಇಲ್ಲದ ಕಡೆ ಸ್ಟೆಂಟ್ ಹಾಕಿ ಕಳಿಸುವುದು ವಿವೇಕದ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಮುಂದಿನ ದಾರಿ ಕೊಲಾಂಜಿಯೋಸ್ಕೋಪಿ. ನಾಳದೊಳಗೇ ಸಣ್ಣ ಕ್ಯಾಮೆರಾ ಹೋಗುತ್ತೆ, ಸಲೈನ್ ಹರಿಸುತ್ತಾ ಕಲ್ಲನ್ನು ಕಣ್ಣಾರೆ ನೋಡಿಕೊಂಡು ಲೇಸರಿನಿಂದಲೋ ವಿದ್ಯುತ್ ಕಿಡಿಯಿಂದಲೋ ಒಡೆಯುತ್ತಾರೆ. ಸಲೈನಿನ ಒತ್ತಡಕ್ಕೆ ಸೋಂಕು ರಕ್ತಕ್ಕೆ ನುಗ್ಗಬಹುದಾದ್ದರಿಂದ ಮೊದಲೇ ಆಂಟಿಬಯಾಟಿಕ್ ಕೊಡುತ್ತಾರೆ. ಖರ್ಚು ಹೆಚ್ಚು, ವಿಮೆಯವರಿಂದ ಮುಂಚೆಯೇ ಒಪ್ಪಿಗೆ ಕೇಳಿ.

ಮೇದೋಜೀರಕದ, ಅಂದರೆ ಪ್ಯಾಂಕ್ರಿಯಾಸಿನ ಕಲ್ಲಿನ ಲೆಕ್ಕವೇ ಬೇರೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಗಟ್ಟಿ, ನಾಳದ ಗೋಡೆಗೆ ಅಂಟಿರುತ್ತೆ, ಬ್ಯಾಸ್ಕೆಟ್ಟಿಗೆ ಬಗ್ಗೋದಿಲ್ಲ. 5 ಮಿ.ಮೀ.ಗಿಂತ ದೊಡ್ಡದು ಪ್ಯಾಂಕ್ರಿಯಾಸಿನ ತಲೆ ಭಾಗದಲ್ಲಿ ನಾಳ ಕಟ್ಟಿದ್ದರೆ ಮೊದಲು ಹೊರಗಿನಿಂದ ಶಾಕ್‌ವೇವ್ ಕೊಟ್ಟು ಪುಡಿ ಮಾಡುತ್ತಾರೆ. ಒಂದು ಸಲಕ್ಕೆ ಸಾವಿರಾರು ಶಾಕ್, ಹಲವು ಸಲ ಬೇಕಾಗಬಹುದು. ಚೂರು 3 ಮಿ.ಮೀ.ಗಿಂತ ಸಣ್ಣದಾದ ಮೇಲೆ ಬೇಕಿದ್ದರೆ ಇಆರ್‌ಸಿಪಿ. ಬಾಲದ ಕಡೆ ಮಾತ್ರ ಕಲ್ಲಿದ್ದರೆ ಇದರಿಂದ ಲಾಭ ಕಡಿಮೆ. ನೋವು ತಗ್ಗಬಹುದು, ಆದರೆ ಪ್ಯಾಂಕ್ರಿಯಾಸ್ ಕೆಟ್ಟು ಬಂದಿರೋ ಶುಗರ್ ವಾಪಸ್ ಹೋಗುತ್ತೆ ಅಂತ ಕಾಯಬೇಡಿ. ಎಣ್ಣೆ ತೇಲುವ ಮಲ ಹೋಗುತ್ತಿದ್ದರೆ ಜೀರ್ಣಕ್ಕೆ ನೆರವಾಗುವ ಎನ್ಜೈಮ್ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು.

ಮಲೆನಾಡಲ್ಲಿ ಕಾಮಾಲೆ ಅಂದ ಕೂಡಲೇ ಸೊಪ್ಪಿನ ಔಷಧಿ ಕೊಡುವವರ ಮನೆಗೆ ಹೋಗುವ ರೂಢಿ ಇದೆ. ಮೈ ತುರಿಕೆ, ಸುಣ್ಣದ ಬಣ್ಣದ ಮಲ, ಕಪ್ಪು ಟೀಯಂಥ ಮೂತ್ರ ಇದ್ದರೆ ಪಿತ್ತದ ದಾರಿ ಕಟ್ಟಿರಬಹುದು. ಯಾವ ಸೊಪ್ಪೂ ಆ ಕಲ್ಲನ್ನು ಸರಿಸೋದಿಲ್ಲ. ಮೊದಲು ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಅಲ್ಟ್ರಾಸೌಂಡ್, ಬಿಲಿರುಬಿನ್ (ಕಾಮಾಲೆ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಅಲ್ಟ್ರಾಸೌಂಡಲ್ಲಿ ನಾಳದ ತಳದ ಕಲ್ಲು ತಪ್ಪಿಹೋಗುವುದುಂಟು, ಅನುಮಾನ ಉಳಿದರೆ ಎಂಆರ್‌ಸಿಪಿ, ಅಂದರೆ ಪಿತ್ತನಾಳದ ಎಂಆರ್‌ಐ ಸ್ಕ್ಯಾನ್ ಬೇಕು.

ಇಆರ್‌ಸಿಪಿಗೆ ಮುಂಚೆ ರಕ್ತ ತೆಳು ಮಾಡುವ ಮಾತ್ರೆಗಳ ಹೆಸರು ಹೇಳಿ, ನೀವೇ ನಿಲ್ಲಿಸಬೇಡಿ. ಇಆರ್‌ಸಿಪಿಯಿಂದ ಆಗಬಹುದಾದ ಪ್ಯಾಂಕ್ರಿಯಾಸ್ ಊತ ತಡೆಯಲು 100 ಮಿ.ಗ್ರಾಂ. ಡೈಕ್ಲೊಫೆನಾಕ್ ಅಥವಾ ಇಂಡೊಮೆಥಸಿನ್ ಅನ್ನು ಗುದದ್ವಾರದಲ್ಲಿ ಇಡುವ ಕ್ರಮ ಇದೆ; ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ತಿಳಿಸಿ. ನಾಳ ಪೂರ್ತಿ ಖಾಲಿಯಾದ ಮೇಲೆ ಪಿತ್ತಕೋಶದಲ್ಲೂ ಕಲ್ಲಿದ್ದರೆ, ಸಾಧ್ಯವಾದರೆ 2 ವಾರದೊಳಗೆ ಅದರ ಆಪರೇಷನ್ನೂ ಮುಗಿಸಿಕೊಳ್ಳಿ. ಇಲ್ಲದಿದ್ದರೆ ಅಲ್ಲಿಂದ ಇನ್ನೊಂದು ಕಲ್ಲು ಜಾರಿ ಮತ್ತೆ ಅದೇ ನಾಳಕ್ಕೆ ಬೀಳಬಹುದು.