ಒಂದು ಚಟಕ್ಕೆ ಎರಡು ಪಾಕೀಟು

2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ಬ್ಯಾನ್ ಆಯಿತು. ಒಳ್ಳೇ ಕೆಲಸಾನೇ. ಆದರೆ ಬ್ಯಾನ್ ಆಗಿದ್ದು ತಂಬಾಕು ಬೆರೆಸಿದ ಮಾಲು ಅಲ್ವಾ, ಹಾಗಾಗಿ ಪಾನ್ ಮಸಾಲಾ ಒಂದು ಪಾಕೀಟಿಗೆ ಹೋಯಿತು, ತಂಬಾಕು ಇನ್ನೊಂದಕ್ಕೆ ಹೋಯಿತು, ಎರಡೂ ರಾಯಚೂರಿನ ಪಾನ್ ಅಂಗಡಿಗಳಲ್ಲಿ ಅಕ್ಕಪಕ್ಕ ಸರ ಸರವಾಗಿ ನೇತಾಡತೊಡಗಿದವು. ಬೆರೆಸುವ ಕೆಲಸ ಫ್ಯಾಕ್ಟರಿಯಿಂದ ಗಿರಾಕಿಯ ಅಂಗೈಗೆ ಬಂತು. ಚರಂಡಿಗೆ ಒಂದು ಬೀಳುತ್ತಿದ್ದ ಕಡೆ ಈಗ ಎರಡು.

ಪಾಕೀಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ತಂಬಾಕಿನದ್ದಾದರೆ ಮುಖದ ಶೇ. 85ರಷ್ಟು ಜಾಗ ಎಚ್ಚರಿಕೆಗೇ ಮೀಸಲು. ಎಷ್ಟೋ ಪಾಕೀಟುಗಳ ಮೂಲೆಯಲ್ಲಿ ಒಬ್ಬ ಪುಟ್ಟ ಮನುಷ್ಯ ಬಗ್ಗಿ ಬುಟ್ಟಿಗೆ ಕಸ ಹಾಕುತ್ತಿರುತ್ತಾನೆ. ಇಡೀ ಊರಲ್ಲಿ ಕಸದ ಬುಟ್ಟಿ ಕಂಡಿರೋನು ಅವನೊಬ್ಬನೇ ಇರಬೇಕು.

ಕಾನೂನು ಇಲ್ಲ ಅಂತಲ್ಲ. ಗುಟ್ಕಾ, ತಂಬಾಕು, ಪಾನ್ ಮಸಾಲಾ ಯಾವುದನ್ನೂ ಪ್ಲಾಸ್ಟಿಕ್ ಪಾಕೀಟಿನಲ್ಲಿ ಮಾರಬಾರದು ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲೇ ಬರೆದಿದೆ. ನಿಯಮಾನೂ ಇದೆ, ಪಾಕೀಟೂ ಇದೆ, ಒಬ್ಬರ ತಂಟೆಗೆ ಒಬ್ಬರು ಹೋಗದೆ ಸುಖವಾಗಿವೆ. ಆಮೇಲೆ 2022ರ ಜುಲೈ 1ರಿಂದ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ದೇಶದಲ್ಲೆಲ್ಲ ಬಂದ್ ಅಂದರು. ಸ್ಟ್ರಾ ಪಟ್ಟಿಗೆ ಸೇರಿತು, ಬಲೂನಿನ ಕಡ್ಡಿ ಸೇರಿತು, ಕಿವಿಯ ಬಡ್ಸ್ ಕೂಡ. ಚಿಪ್ಸ್ ಪಾಕೀಟು, ಶಾಂಪೂ ಪಾಕೀಟು ಮಾತ್ರ ಸೇರಲಿಲ್ಲ. ನಾವು ಅವನ್ನ ತೊಳೆದು, ಒಣಗಿಸಿ, ಮಡಚಿ ಬೀರುವಿನಲ್ಲಿ ಇಡ್ತೀವಲ್ಲ, ಅದಕ್ಕಿರಬಹುದು.

ರೀಸೈಕಲ್ ಮಾಡಿ ಅಂತ ಎಲ್ಲರೂ ಹೇಳ್ತಾರೆ. ನೀರಿನ ಬಾಟ್ಲಿ, ರಟ್ಟು, ಕಬ್ಬಿಣ ಕೊಟ್ಟರೆ ಗುಜರಿಯವನು ದುಡ್ಡು ಕೊಡ್ತಾನೆ. ಈ ಮಿರಿಮಿರಿ ಪಾಕೀಟಿನಲ್ಲಿ ಒಂದು ಪದರ ಪ್ಲಾಸ್ಟಿಕ್, ಒಂದು ಅಲ್ಯೂಮಿನಿಯಂ, ಮತ್ತೆ ಪ್ಲಾಸ್ಟಿಕ್ ಹೀಗೆಲ್ಲ ಅಂಟಿಸಿರ್ತಾರೆ. ಬಿಡಿಸೋಕೆ ಬ್ರಹ್ಮನಿಗೂ ಸುಲಭ ಅಲ್ಲ. ಚಿಂದಿ ಆಯುವ ಅಕ್ಕನನ್ನು ಕೇಳಿದರೆ, "ಒಂದು ಕಿಲೋ ಆಗ್ಬೇಕಂದ್ರ ಸಂಜೀತನ ಬಗ್ಗಬೇಕ್ರೀ, ಆಮ್ಯಾಲ ತಗೊಳ್ಳೋರ‍್ಯಾರು?" ಅಂದಳು. ಪ್ಯಾಕಿಂಗ್ ಉದ್ಯಮದ ಇಡೀ ಕಷ್ಟ ಅಷ್ಟರಲ್ಲೇ ಬಂತು.

ಹಾಗಂತ ಕಂಪನಿಗಳು ಕೈಕಟ್ಟಿ ಕೂತಿಲ್ಲ. ಎಷ್ಟು ಟನ್ ಪ್ಯಾಕಿಂಗ್ ಪ್ಲಾಸ್ಟಿಕ್ ಮಾರುಕಟ್ಟೆಗೆ ಬಿಟ್ಟಿದ್ದಾರೋ ಅದಕ್ಕೆ ತಕ್ಕ ಲೆಕ್ಕ ತೋರಿಸಲೇಬೇಕು. ತಾವೇ ಬಂದು ಆಯಬೇಕಿಲ್ಲ, ಬೇರೆಲ್ಲೋ ಯಾರೋ ಸಂಸ್ಕರಿಸಿದ ಅದೇ ವರ್ಗದ ಪ್ಲಾಸ್ಟಿಕ್ಕಿನ ಪ್ರಮಾಣಪತ್ರ ಕೊಂಡರೂ ಲೆಕ್ಕ ಚುಕ್ತಾ. ಹಾಗಾಗಿ ನಮ್ಮ ಚರಂಡಿಯಲ್ಲಿ ನೀರು ಕಟ್ಟಿ ನಿಲ್ಲಿಸಿರುವ ಪಾಕೀಟಿಗೆ ಕಂಪ್ಯೂಟರಿನಲ್ಲಿ ಯಾವತ್ತೋ ಮೋಕ್ಷ ಸಿಕ್ಕಿರಬಹುದು. ಪಾಪ, ಅದಕ್ಕೆ ತಿಳಿಸಿದವರಿಲ್ಲ.

ಮೊನ್ನೆ ಅಂಗಡಿಯಲ್ಲಿ ಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಎರಡೂ ಬಗೆಯ ಸರ ಕಟ್ಟುಗಟ್ಟಲೆ ಕೊಂಡು, ಒಂದು ಕ್ಯಾರಿಬ್ಯಾಗ್ ಕೊಡಪಾ ಅಂದರು. ಅಂಗಡಿಯವನು ಗಂಭೀರವಾಗಿ ತಲೆ ಅಲ್ಲಾಡಿಸಿದ.

"ಪ್ಲಾಸ್ಟಿಕ್ ಬಂದ್ ಐತಿ ಯಜಮಾನ್ರ. ನಾವು ಇಡಂಗಿಲ್ಲ."